ಅಂಗಿಯ ಮೇಲಿನ ‘40’: ಎದೆಯೋ, ಕಾಲರೋ?

ಸಿದ್ಧ ಉಡುಪಿನ ಮಳಿಗೆಯಲ್ಲಿ ಬಣ್ಣ ಮೆಚ್ಚಿದರೂ ಅಳತೆ ಕೂಡದೆ ಬರಿಗೈಯಲ್ಲಿ ಮರಳುವವರುಂಟು. ಒಂದೇ ಅಂಕಿಗೆ ಎರಡು ಅರ್ಥವಿರುವುದು ಇದಕ್ಕೊಂದು ಕಾರಣ.

ಫಾರ್ಮಲ್ ಅಂಗಿಯ ಮೇಲೆ 39, 40, 42 ಎಂದಿದ್ದರೆ ಅದು ಸಾಮಾನ್ಯವಾಗಿ ಕಾಲರಿನ ಸುತ್ತಳತೆ, ಸೆಂಟಿಮೀಟರುಗಳಲ್ಲಿ. 40 ಸೆಂಟಿಮೀಟರೆಂದರೆ ಸುಮಾರು 15.75 ಇಂಚು. ಕುರ್ತಾ, ಕ್ಯಾಶುವಲ್ ಅಂಗಿಗಳಲ್ಲಿ ಅದೇ 40 ಬಹುತೇಕ ಎದೆಯ ಸುತ್ತಳತೆ, ಇಂಚುಗಳಲ್ಲಿ. ಪ್ಯಾಂಟಿನ 32, 34 ಎಂಬುದು ಸೊಂಟದ ಇಂಚುಗಳು. ಎಸ್, ಎಂ, ಎಲ್ ಅಕ್ಷರಗಳ ಅಳತೆಯಾದರೋ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ತೂಗುಹಾಕಿದ ಉಡುಪುಗಳ ನಡುವಿನ ಅಂಕಿಯ ಬಿಲ್ಲೆಗಳು ಸಾಲನ್ನು ತೋರಿಸುತ್ತವೆ. ಆದರೆ ನೋಡಿದ ಬಟ್ಟೆಯನ್ನು ಬೇರೆ ಸಾಲಿನಲ್ಲಿ ಸಿಕ್ಕಿಸಿ ಹೋಗುವವರೂ ಇರುವುದರಿಂದ, ಕೊರಳಿನ ಒಳಬದಿಯ ಲೇಬಲ್ಲನ್ನು ಓದಿಯೇ ಆರಿಸಬೇಕು.

ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿ ರೂಪಿಸಲು, 15ರಿಂದ 65 ವರ್ಷದೊಳಗಿನ 25,000 ಮಂದಿಯನ್ನು 3ಡಿ ಸ್ಕ್ಯಾನರಿನಿಂದ ಅಳೆಯುವ ‘ಇಂಡಿಯಾಸೈಜ್’ ಯೋಜನೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಪ್ರಕಟಿಸಿತು.

ಮಳಿಗೆಯವರು ಫಲಕದಲ್ಲಿ ಅಂಕಿಯ ಜೊತೆಗೆ ‘ಎದೆ, ಇಂಚು’ ಅಥವಾ ‘ಕಾಲರ್, ಸೆಂ.ಮೀ.’ ಎಂದು ಬರೆಸಿದರೆ ಗೊಂದಲ ಬಹಳಷ್ಟು ತಗ್ಗುತ್ತದೆ. ಗ್ರಾಹಕರೂ ತಮ್ಮ ಎದೆ, ಕೊರಳು, ಸೊಂಟದ ಅಳತೆಯನ್ನು ಚೀಟಿಯಲ್ಲಿ ಬರೆದು ಒಯ್ಯುವುದು ಒಳಿತು.