ಮರಾಮತ್ತು

ನಮ್ಮ ದಾದಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರ ಒಂದು ಮಧ್ಯಾಹ್ನ ಅವರು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಕೈಯಲ್ಲೊಂದು ಇದ್ದಿಲ ತುಂಡು ಹಿಡಿದು ಕತ್ತಲೆ ಕೋಣೆಯ ನಡುವೆ ನಿಲ್ಲುತ್ತಿದ್ದರು. ಹೆಂಚಿನ ಸಂದುಗಳಿಂದ ಬಿಸಿಲಿನ ಪುಟ್ಟ ಪುಟ್ಟ ಬೊಟ್ಟುಗಳು ನೆಲದ ಮೇಲೆ ಬಿದ್ದಿರುತ್ತಿದ್ದವು. ಅವರು ಒಂದೊಂದನ್ನೂ ನೋಡಿ, ತಲೆಯೆತ್ತಿ ಬೆಳಕು ಬರುವ ಜಾಗ ಗುರುತಿಸಿ, ಅದರ ನೇರಕ್ಕೆ ನೆಲದ ಮೇಲೆ ಇದ್ದಿಲಿನಿಂದ ಸೊನ್ನೆ ಬರೆಯುತ್ತಿದ್ದರು. ಬಿಸಿಲು ಇಳಿಯುವ ಕಡೆ ಮಳೆಯೂ ಇಳಿಯುತ್ತದೆ ಎನ್ನುವುದು ಅವರ ಲೆಕ್ಕ. ಮಾರನೆಯ ದಿನ ಅಬ್ಬಾ ಏಣಿ ಹತ್ತುತ್ತಿದ್ದರು. ಕೆಳಗಿನಿಂದ ಹೆಂಚು ಎತ್ತಿಕೊಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಅದಕ್ಕೆ ‘ಮರಮ್ಮತ್’ ಎನ್ನುತ್ತಿದ್ದೆವು. ಪಕ್ಕದ ಮನೆಯವರು ‘ಹೆಂಚು ಕೈಯಾಡಿಸೋದು’ ಎನ್ನುತ್ತಿದ್ದರು. ಕೆಲಸ ಒಂದೇ. ಅವರ ಏಣಿಯೇ ನಮ್ಮ ಮನೆಗೂ ಬರುತ್ತಿತ್ತು.

ಕಟ್ಟಿದವರ ಇತಿಹಾಸ ನಮಗೆ ಗೊತ್ತು. ಯಾವ ಅರಸ ಯಾವ ಕೋಟೆ ಕಟ್ಟಿಸಿದ, ಯಾವ ಸುಲ್ತಾನ ಯಾವ ಗುಮ್ಮಟ ಎತ್ತಿಸಿದ ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಕಟ್ಟಿದ್ದನ್ನು ವರ್ಷ ವರ್ಷವೂ ರಿಪೇರಿ ಮಾಡಿ ಉಳಿಸಿದವರ ಇತಿಹಾಸವನ್ನು ಯಾರೂ ಹೇಳಿಕೊಡಲಿಲ್ಲ. ಅದು ನಮ್ಮ ಮನೆಗಳ ಗೋಡೆಯಲ್ಲಿ, ಸೂರಿನಲ್ಲಿ, ನಾವು ಆಡುವ ಮಾತಿನಲ್ಲಿ ಹುದುಗಿದೆ.

ಮಾತಿನಿಂದಲೇ ಹೊರಡೋಣ. ‘ಮರಾಮತ್ತು’ ಅರಬಿಯಿಂದ ಪಾರ್ಸಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದ ಪದ. ಕೇರಳದಲ್ಲಿ ಲೋಕೋಪಯೋಗಿ ಇಲಾಖೆಗೆ ಇಂದಿಗೂ ‘ಪೊದುಮರಾಮತ್ತು’ ಎಂದೇ ಹೆಸರು. ಈ ಪದದ ಅರಬಿ ಧಾತುವಿಗೆ ಸರಿಪಡಿಸು ಎಂಬ ಅರ್ಥವಿದೆ. ಅದೇ ಧಾತುವಿನಿಂದ ಬಂದ ‘ರಮೀಮ್’ ಎಂಬ ಮಾತಿಗೆ ಜೀರ್ಣವಾದದ್ದು, ಪುಡಿಯಾದದ್ದು ಎಂಬ ಅರ್ಥ. ಸವೆಯುವುದೂ ಸರಿಪಡಿಸುವುದೂ ಒಂದೇ ಬೇರಿನ ಎರಡು ಕವಲುಗಳು. ‘ದುರಸ್ತಿ’ ಪಾರ್ಸಿಯದು. ಉತ್ತರ ಕರ್ನಾಟಕದವರು ಗೋಡೆಗೆ ಮೆತ್ತುವ ‘ಗಿಲಾವು’ ಸಹ ಪಾರ್ಸಿಯದೇ. ಅಲ್ಲಿ ‘ಗಿಲ್’ ಎಂದರೆ ಮಣ್ಣು. ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದವನು. ‘ರಿಪೇರಿ’ ಇಂಗ್ಲಿಷರದು. ಇನ್ನು ನಮ್ಮ ಮನೆಯ ‘ಚೂನಾ’ ಮತ್ತು ಪಕ್ಕದ ಮನೆಯ ‘ಸುಣ್ಣ’ ಎರಡೂ ‘ಚೂರ್ಣ’ ಎಂಬ ಒಂದೇ ತಾಯಿಯ ಮಕ್ಕಳು. ಒಂದು ಗೋಡೆಯನ್ನು ಸರಿಪಡಿಸಲು ಇಷ್ಟು ಭಾಷೆಗಳು ಕೈ ಜೋಡಿಸಿವೆ.

ಸೂರಿನ ಕಥೆ

ಹಳೆಯ ಮೈಸೂರು ಸೀಮೆಯ ಮನೆಗಳಿಗೆ ಮೊದಲು ಇದ್ದದ್ದು ನಾಡಹೆಂಚು. ಕುಂಬಾರ ತಿಗರಿಯ ಮೇಲೆ ತಿರುಗಿಸಿ, ಸೀಳಿ, ಸುಟ್ಟು ಕೊಡುತ್ತಿದ್ದ ಅರೆಗೊಳವೆಯಾಕಾರದ ಹೆಂಚು. ಒಂದನ್ನು ಬೋರಲು, ಒಂದನ್ನು ಅಂಗಾತ ಜೋಡಿಸಿದರೆ ಸೂರು. ಹಿಡಿದಿಡುವ ಮೊಳೆಯಿಲ್ಲ, ಕೊಂಡಿಯಿಲ್ಲ. ಬೆಕ್ಕು ಓಡಿದರೆ, ಕೋತಿ ಕುಣಿದರೆ ಹೆಂಚು ಜಾರುತ್ತಿತ್ತು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ ಕೈಯಾಡಿಸಲೇಬೇಕು. ಬಯಲುಸೀಮೆಯ ಮಣ್ಣಿನ ಮಾಳಿಗೆಗಳಿಗೂ ಇದೇ ಶಿಸ್ತು. ಬೇಸಗೆಯಲ್ಲಿ ಸವುಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ, ಬಿರುಕು ಮುಚ್ಚಿ, ನೀರು ಹರಿಯುವ ಓಟ ಸರಿಮಾಡುತ್ತಿದ್ದರು.

ಇದಕ್ಕೆ ದೊಡ್ಡ ಬದಲಾವಣೆ ಬಂದದ್ದು ಕರಾವಳಿಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ಒಂದು ಹೆಂಚಿನ ಅಂಚು ಇನ್ನೊಂದರ ತೋಡಿಗೆ ಕೂರುವ ಉಪಾಯ ಯುರೋಪಿನದು. ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಮಣ್ಣು ಮಾತ್ರ ನಮ್ಮ ನದಿದಂಡೆಗಳದು. ಸುಮಾರು 10 ಅಂಗುಲ ಅಗಲ, 16 ಅಂಗುಲ ಉದ್ದದ ಈ ಕೆಂಪು ಹೆಂಚು ರೈಲು, ಹಡಗುಗಳನ್ನೇರಿ ದೂರದೂರಿಗೆ ಹೋಯಿತು.

ಈ ಹೆಂಚಿನ ಒಂದು ಗುಣವನ್ನು ಗಮನಿಸಬೇಕು. ಅದು ಕಾರ್ಖಾನೆಯ ಸರಕು, ಆದರೂ ಮನೆಯವರ ಕೈಗೆ ಸಿಗುವ ಸರಕು. ಒಂದು ಒಡೆದರೆ ಇಡೀ ಸೂರು ಬಿಚ್ಚಬೇಕಿಲ್ಲ. ಅಟ್ಟದ ಮೇಲೆ ನಿಂತು ಒಳಗಿನಿಂದಲೇ ಮೇಲಿನ ಸಾಲನ್ನು ತುಸು ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು, ಹೊಸದನ್ನು ಕೂರಿಸಬಹುದು. ಮೇಸ್ತ್ರಿ ಬೇಕಿಲ್ಲ. ಅದಕ್ಕೇ ಮನೆ ಕಟ್ಟಿದವರು ನಾಲ್ಕು ಹೆಚ್ಚಿನ ಹೆಂಚುಗಳನ್ನು ಹಿತ್ತಿಲ ಗೋಡೆಗೆ ಒರಗಿಸಿ ಇಟ್ಟುಕೊಳ್ಳುತ್ತಿದ್ದರು.

ಸುಣ್ಣದ ಗುಟ್ಟು

ಗೋಡೆಯ ಕಥೆ ಸುಣ್ಣದ್ದು. ಸುಣ್ಣಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು, ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ನಾವು ಮಕ್ಕಳು ಅದನ್ನು ನೋಡಲು ಓಡಿ ಬರುತ್ತಿದ್ದೆವು. ದಾದಿ ಬೈದು ದೂರ ಅಟ್ಟುತ್ತಿದ್ದರು. ಒಂದು ಹನಿ ಸಿಡಿದರೂ ಕಣ್ಣು ಹೋಗುತ್ತದೆ. ಹೀಗೆ ಅರಳಿದ ಸುಣ್ಣ ಗೋಡೆಯ ಮೇಲೆ ಕುಳಿತ ಮೇಲೆ, ಕಳೆದುಕೊಂಡ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ.

ಸುಣ್ಣಕ್ಕೆ ಇನ್ನೆರಡು ಗುಣಗಳಿವೆ. ಗೋಡೆಯೊಳಗಿನ ತೇವ ಹೊರಬರಲು ಅದು ದಾರಿ ಬಿಡುತ್ತದೆ. ಮತ್ತು ಸುಣ್ಣದ ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ, ಅಲ್ಲಿಗಿಳಿದ ನೀರು ಸುತ್ತಲಿನ ಸುಣ್ಣವನ್ನು ಸ್ವಲ್ಪ ಕರಗಿಸಿ ಬಿರುಕಿನೊಳಗೇ ಬಿಟ್ಟುಹೋಗುತ್ತದೆ. ಸಣ್ಣ ಗಾಯ ತಾನೇ ಮಾಯುತ್ತದೆ. ದೊಡ್ಡದನ್ನು ಮಾತ್ರ ಮನೆಯವರು ನೋಡಿಕೊಳ್ಳಬೇಕು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ಪದ್ಧತಿ ದಕ್ಷಿಣ ಭಾರತದಲ್ಲೆಲ್ಲ ಇತ್ತು. ನಮ್ಮ ಮನೆಯ ಸುಣ್ಣಕ್ಕೆ ಬೀಳುತ್ತಿದ್ದದ್ದು ಅನ್ನದ ಗಂಜಿ, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ. ಕತ್ತಾಳೆ ನಾರಿನ ಕುಂಚದಿಂದ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ದಪ್ಪಗೆ ಬಳಿದರೆ ಹಕ್ಕಳೆ ಏಳುತ್ತದೆ. ರಂಜಾನಿಗೆ ಮುಂಚೆ ನಮ್ಮ ಮನೆ, ಯುಗಾದಿಗೆ ಮುಂಚೆ ಪಕ್ಕದ ಮನೆ. ಸುಣ್ಣದ ಬಾನಿ ಮಾತ್ರ ಒಂದೇ.

ಮೊದಲ ಖರ್ಚು

ದುರಸ್ತಿಯನ್ನು ನಮ್ಮ ಹಿರಿಯರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎನ್ನುವುದಕ್ಕೆ ಎರಡು ಸಾಕ್ಷಿಗಳಿವೆ. ಒಂದು ಕನ್ನಡ ನಾಡಿನ ಶಾಸನಗಳು. ದೇಗುಲ, ಬಸದಿಗಳಿಗೆ ಭೂಮಿ ಬಿಟ್ಟಾಗ ಪೂಜೆ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವನ್ನು ಸರಿಪಡಿಸುವ ಖರ್ಚಿಗೆ ಎಂದರ್ಥ. ಕಟ್ಟಡ ಎಂದಾದರೂ ಬಿರಿಯುತ್ತದೆ ಎಂಬುದನ್ನು ದಾನ ಕೊಡುವ ದಿನವೇ ಒಪ್ಪಿಕೊಂಡಿದ್ದರು.

ಇನ್ನೊಂದು ವಕ್ಫ್ ಕಾನೂನು. 12ನೆಯ ಶತಮಾನದ ಬುರ್ಹಾನುದ್ದೀನ್ ಮರ್ಗೀನಾನಿ ಬರೆದ ‘ಅಲ್-ಹಿದಾಯ’ ಹನಫಿ ನ್ಯಾಯಶಾಸ್ತ್ರದ ಪ್ರಮುಖ ಗ್ರಂಥ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಮಾಡಿದ ಇಂಗ್ಲಿಷ್ ಅನುವಾದದ ಮೂಲಕ ಅದು ಬ್ರಿಟಿಷರ ಕೋರ್ಟುಗಳಿಗೂ ಬಂತು. ವಕ್ಫ್‌ನ ಆದಾಯದಲ್ಲಿ ಮೊದಲ ಖರ್ಚು ಅದರ ದುರಸ್ತಿಗೆ ಆಗಬೇಕು, ದಾನಿ ಹಾಗೆ ಬರೆಯದಿದ್ದರೂ ಸರಿ ಎಂದು ಅದು ಹೇಳುತ್ತದೆ. ಅದಕ್ಕಿಂತ ಕುತೂಹಲದ ಮಾತು ಮುಂದಿದೆ. ಒಂದು ಮನೆಯನ್ನು ಯಾರಾದರೂ ವಾಸಿಸಲೆಂದು ವಕ್ಫ್ ಮಾಡಿದ್ದರೆ, ಅದರ ದುರಸ್ತಿ ವಾಸಿಸುವವನ ಮೇಲೆ. ಅವನು ಒಲ್ಲೆನೆಂದರೆ ಅಥವಾ ಬಡವನಾಗಿದ್ದರೆ ಕಾಜಿ ಆ ಮನೆಯನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯ ಹಣದಿಂದ ದುರಸ್ತಿ ಮಾಡಿಸಿ, ಆಮೇಲೆ ಅವನಿಗೆ ಹಿಂದಿರುಗಿಸಬೇಕು. ಸೂರಿನ ಸುಖ ಯಾರಿಗೋ ಸೂರಿನ ಹೊಣೆಯೂ ಅವರಿಗೇ. ಇಷ್ಟು ನೇರವಾದ ನಿಯಮವನ್ನು ಓದಿಕೊಂಡು ಬಂದ ಸಮುದಾಯ, ಎಷ್ಟೋ ಊರುಗಳಲ್ಲಿ ತನ್ನ ವಕ್ಫ್ ಕಟ್ಟಡಗಳ ಗೋಡೆಯಲ್ಲಿ ಆಲದ ಸಸಿ ಬೇರುಬಿಡುವುದನ್ನು ನೋಡಿಕೊಂಡು ಕುಳಿತಿದೆ ಎನ್ನುವುದು ನಾಚಿಕೆಯ ಸಂಗತಿ.

ಆದರೆ ಶಾಸನಗಳಲ್ಲೂ ದಸ್ತಾವೇಜುಗಳಲ್ಲೂ ಉಳಿದಿರುವುದು ಹೆಚ್ಚಾಗಿ ದುರಸ್ತಿಗೆ ಹಣ ಕೊಟ್ಟವರ ಹೆಸರು. ಕೈ ಕೆಸರು ಮಾಡಿಕೊಂಡವರದ್ದಲ್ಲ. ಮನೆಗಳ ಮಟ್ಟಿಗೆ ಆ ಕೈಗಳು ಹೆಚ್ಚಾಗಿ ಹೆಂಗಸರವು. ಸಗಣಿ ಸಾರಿಸಿದವರು, ಕೆಮ್ಮಣ್ಣು ಬಳಿದವರು, ಒಲೆಯ ಬಿರುಕಿಗೆ ಮಣ್ಣು ಮೆತ್ತಿದವರು ಅವರೇ. ಅದನ್ನು ಯಾರೂ ರಿಪೇರಿ ಎಂದು ಕರೆಯಲಿಲ್ಲ, ಮನೆಗೆಲಸ ಎಂದರು.

ಪಶ್ಚಿಮದಲ್ಲಿ ತನ್ನ ಮನೆಯನ್ನು ತಾನೇ ರಿಪೇರಿ ಮಾಡಿಕೊಳ್ಳುವುದು ಎರಡನೆಯ ಮಹಾಯುದ್ಧದ ನಂತರ ಒಂದು ದೊಡ್ಡ ಹವ್ಯಾಸವಾಯಿತು. 1954ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಅದನ್ನು ಮುಖಪುಟಕ್ಕೆ ತಂದಿತು. 1955ರಲ್ಲಿ ಬ್ರಿಟನ್ನಿನಲ್ಲಿ ‘ಪ್ರಾಕ್ಟಿಕಲ್ ಹೌಸ್‌ಹೋಲ್ಡರ್’ ಎಂಬ ಮಾಸಪತ್ರಿಕೆಯೇ ಹುಟ್ಟಿತು. ಅಲ್ಲಿ ಕೂಲಿ ದುಬಾರಿಯಾಗಿತ್ತು, ಆದ್ದರಿಂದ ಗುಮಾಸ್ತನೂ ಸುತ್ತಿಗೆ ಹಿಡಿದ. ನಮ್ಮಲ್ಲಿ ಆದದ್ದು ಅದಕ್ಕೆ ತಿರುಗುಮುರುಗು. ಕೂಲಿ ಅಗ್ಗ. ಮೇಲಾಗಿ ಮಣ್ಣು ಮುಟ್ಟುವ ಕೆಲಸ ಇಂಥ ಜಾತಿಯದು ಎಂಬ ಎಣಿಕೆ. ನಾಲ್ಕಕ್ಷರ ಕಲಿತವನು ಮೊದಲು ಬಿಟ್ಟದ್ದು ಕರಣೆಯನ್ನು. ಜಾತಿಯಿಲ್ಲ ಎಂದು ಹೇಳಿಕೊಳ್ಳುವ ನಾವೂ ಗಾರೆ ಕೆಲಸದವರ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡಿದವರೇ.

ಸಿಮೆಂಟು ಬಂತು

ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆಯವನು 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಭಾರತದಲ್ಲಿ 1904ರಲ್ಲಿ ಮದರಾಸಿನಲ್ಲಿ ಮೊದಲ ಪ್ರಯತ್ನ ನಡೆದು, 1914ರಲ್ಲಿ ಪೋರಬಂದರಿನಲ್ಲಿ ಉತ್ಪಾದನೆ ನೆಲೆಯೂರಿತು. ಆದರೂ ಬಹುಕಾಲ ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿತ್ತು. ನಾಲ್ಕು ಮೂಟೆಗೂ ಪರ್ಮಿಟ್ ಬೇಕು. 1982ರಲ್ಲಿ ಆ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅದರ ಹಿಂದೆಯೇ ನಮ್ಮ ಬೀದಿಯ ಹೆಂಚಿನ ಮನೆಗಳು ಒಂದೊಂದಾಗಿ ಆರ್‌ಸಿಸಿ ಆದವು. ಸುಣ್ಣದ ಗೂಡು ಮುಚ್ಚಿತು.

ಸಿಮೆಂಟನ್ನು ಬೈಯುವುದು ನನ್ನ ಉದ್ದೇಶವಲ್ಲ. ಮಳೆಗಾಲದ ರಾತ್ರಿ ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟು, ಮಕ್ಕಳನ್ನು ಮೂಲೆಯಿಂದ ಮೂಲೆಗೆ ಎಳೆದು ಮಲಗಿಸಿದ ತಾಯಿಗೆ ಕೇಳಿ, ತಾರಸಿ ಎಂದರೇನೆಂದು ಹೇಳುತ್ತಾಳೆ. ವಾರಕ್ಕೆರಡು ಸಲ ನೆಲ ಸಾರಿಸಿ ಸೊಂಟ ಬಿದ್ದವರಿಗೆ ಸಿಮೆಂಟಿನ ನೆಲ ಬಿಡುಗಡೆಯೇ ಆಗಿತ್ತು. ಆದರೆ ಸಿಮೆಂಟು ಒಂದು ಸುಳ್ಳು ಭರವಸೆಯನ್ನೂ ತಂದಿತು: ಒಮ್ಮೆ ಕಟ್ಟಿದರೆ ಮುಗಿಯಿತು, ಮತ್ತೆ ನೋಡುವ ಅಗತ್ಯವಿಲ್ಲ ಎಂದು.

ಆ ಭರವಸೆಯನ್ನು ನಂಬಿದವರಲ್ಲಿ ನಾನೂ ಒಬ್ಬ. ಅಬ್ಬಾ ತೀರಿಕೊಂಡ ಮೇಲೆ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ಮಣ್ಣಿನ ಗೋಡೆಯ ಬುಡದ ಗಾರೆ ಉದುರತೊಡಗಿತು. ನಾಲ್ಕಡಿ ಎತ್ತರಕ್ಕೆ ಸಿಮೆಂಟಿನ ಗಾರೆ ಮಾಡಿಸಿದೆ. ಕೆಲಸ ಮಾಡಿದವರು “ಇನ್ನು ಐವತ್ತು ವರ್ಷ ಈ ಕಡೆ ತಿರುಗಿ ನೋಡೋ ಹಂಗಿಲ್ಲ” ಎಂದರು. ನಾನೂ ತಿರುಗಿ ನೋಡಲಿಲ್ಲ. ಮೂರನೆಯ ಮಳೆಗಾಲಕ್ಕೆ ಸಿಮೆಂಟಿನ ಅಂಚಿನ ಮೇಲೆ, ಐದು ಆರು ಅಡಿಯ ಮಟ್ಟದಲ್ಲಿ, ಗೋಡೆ ಒದ್ದೆಯಾಗಿ ಉಪ್ಪಿನ ಹುಡಿ ಏಳುತ್ತಿತ್ತು. ಅಲ್ಲಿಟ್ಟಿದ್ದ ಅಬ್ಬಾರ ಉರ್ದು ಪುಸ್ತಕಗಳ ಪೆಟ್ಟಿಗೆಗೆ ಬೂಷ್ಟು ಹಿಡಿದು, ಅರ್ಧದಷ್ಟು ಹಾಳೆಗಳು ಅಂಟಿಕೊಂಡಿದ್ದವು.

ಊರಿನ ಹಳೆಯ ಗಾರೆ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ಬಡಿದರು. ಟೊಳ್ಳು ಸದ್ದು ಬಂತು. “ನೆಲದ ನೀರು ಮಣ್ಣಿನ ಗೋಡೇಲಿ ಏರೇ ಏರ್ತದೆ ಮೇಷ್ಟ್ರೇ. ಮೊದಲು ಬುಡದಾಗೆ ಸುಣ್ಣದಿಂದ ಆರಿ ಹೋಗ್ತಿತ್ತು. ನೀವು ಬಾಗಿಲು ಹಾಕಿದ್ರಿ. ಅದು ಮೇಲಕ್ಕೆ ಹತ್ತಿ ಬಂತು” ಎಂದರು. ಆಮೇಲೆ ಸ್ವಲ್ಪ ತಡೆದು, “ನಿಮ್ಮ ದಾದಿ ಇದ್ದಿದ್ರೆ ಇದನ್ನು ಮಾಡೋಕೆ ಬಿಡ್ತಿರಲಿಲ್ಲ” ಎಂದರು.

ಸಿಮೆಂಟು ಕೆತ್ತಿ ತೆಗೆಸಿ, ಇಡೀ ಬೇಸಗೆ ಗೋಡೆಯನ್ನು ಹಾಗೇ ಆರಲು ಬಿಟ್ಟೆವು. ಸುಣ್ಣಕ್ಕಾಗಿ ಮೂರು ಊರು ಅಲೆದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು ಎಂದು ಅವರು ಎರಡು ಸಲ ಎಚ್ಚರಿಸಿದರು. ಅರ್ಧ ಗೋಡೆ ಅವರು ಮಾಡಿದರು, ಉಳಿದದ್ದನ್ನು ನನ್ನ ಕೈಯಿಂದ ಮಾಡಿಸಿದರು. ನನ್ನ ಭಾಗ ಉಬ್ಬು ತಗ್ಗಾಗಿದೆ, ಸಂಜೆಯ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಆದರೆ ಒಣಗಿದೆ. ಪುಸ್ತಕಗಳು ಮಾತ್ರ ಹೋದವು ಹೋದವೇ.

ಈಗ ಪ್ರತಿ ಮೇ ತಿಂಗಳು ಆ ಕೋಣೆಯ ಕಿಟಕಿ ಮುಚ್ಚಿ ನಿಲ್ಲುತ್ತೇನೆ. ಇದ್ದಿಲು ನನ್ನ ಮಗಳ ಕೈಯಲ್ಲಿರುತ್ತದೆ. ಕಳೆದ ಸಲ ಏಳು ಸೊನ್ನೆ ಬರೆದಳು. ಆರು ಹೆಂಚು ಸರಿಸಿದರೆ ಸಾಕಾಯಿತು, ಒಂದನ್ನು ಬದಲಾಯಿಸಿದೆವು.