ಮೂರು ಸಾಗರಗಳಿಗೆ ಹರಿಯುವ ಹಿಮ

ಕೆನಡಾ ದೇಶದ ಭೂಪಟವನ್ನು ತೆರೆದು ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳ ನಡುವಣ ಗಡಿಯನ್ನು ಗಮನಿಸಿ. ಉತ್ತರದಲ್ಲಿ ಅಡಿಕೋಲು ಇಟ್ಟು ಎಳೆದಂತೆ ನೇರವಾಗಿರುವ ಆ ಗೆರೆ ದಕ್ಷಿಣಕ್ಕೆ ಬಂದಂತೆ ಇದ್ದಕ್ಕಿದ್ದಂತೆ ಅಂಕುಡೊಂಕಾಗುತ್ತದೆ. ನೇರವಾದ ಭಾಗ 120 ಡಿಗ್ರಿ ಪಶ್ಚಿಮ ರೇಖಾಂಶ. ಅಂಕುಡೊಂಕಾದ ಭಾಗವನ್ನು ಎಳೆದದ್ದು ನೀರು. ರಾಕಿ ಪರ್ವತಶ್ರೇಣಿಯ ನೆತ್ತಿಯ ಮೇಲೆ ಬಿದ್ದ ಮಳೆ ಎಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಇಬ್ಭಾಗವಾಗುತ್ತದೆಯೋ ಅಲ್ಲೇ ಗಡಿ. ಈ ಏಣಿನ ಪೂರ್ವದ ಮಗ್ಗುಲಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಎರಡು ರಾಷ್ಟ್ರೀಯ ಉದ್ಯಾನಗಳಿವೆ. ದಕ್ಷಿಣದ್ದು ಬ್ಯಾಂಫ್, ಉತ್ತರದ್ದು ಜಾಸ್ಪರ್. ಎರಡೂ ಸೇರಿ 17 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರ. ಇವುಗಳ ಮೂಲಕ ಹಾದುಹೋಗುವ ಹಿಮಕ್ಷೇತ್ರಗಳ ಹೆದ್ದಾರಿ ಲೂಯೀಸ್ ಸರೋವರದಿಂದ ಜಾಸ್ಪರ್ ಪಟ್ಟಣದವರೆಗೆ ಸುಮಾರು 230 ಕಿಲೋಮೀಟರ್. ಮೋಟಾರು ವಾಹನದಲ್ಲಿ ಅರ್ಧ ದಿನದ ದಾರಿ. ಈ ದಾರಿಯಲ್ಲಿ ಏನಿದೆಯೆಂದು ಹೊರಗಿನ ಪ್ರಪಂಚಕ್ಕೆ ತಿಳಿಯಲು ಮಾತ್ರ ಒಂದು ಶತಮಾನವೇ ಬೇಕಾಯಿತು.

ಬ್ಯಾಂಫ್ ಉದ್ಯಾನದ ಹುಟ್ಟಿಗೆ ಕಾರಣ ಪ್ರಕೃತಿಪ್ರೇಮವಲ್ಲ, ರೈಲು. ಕೆನಡಿಯನ್ ಪೆಸಿಫಿಕ್ ಕಂಪನಿಯು ದೇಶದ ಪೂರ್ವದಿಂದ ಪಶ್ಚಿಮ ಕರಾವಳಿಗೆ ಹಳಿ ಹಾಕುತ್ತಿದ್ದ ಕಾಲದಲ್ಲಿ, 1883ರ ಶರತ್ಕಾಲದಲ್ಲಿ, ಮೂವರು ರೈಲ್ವೆ ಕೆಲಸಗಾರರು ಬ್ಯಾಂಫ್ ಬಳಿಯ ಗುಹೆಯೊಂದರಲ್ಲಿ ಬಿಸಿನೀರಿನ ಬುಗ್ಗೆಯನ್ನು ಕಂಡರು. ಸ್ಥಳೀಯ ಬುಡಕಟ್ಟಿನವರಿಗೆ ಅದು ಬಹುಕಾಲದಿಂದ ಗೊತ್ತಿದ್ದ ಜಾಗವೇ. ಆದರೆ ಬುಗ್ಗೆಯ ಒಡೆತನಕ್ಕಾಗಿ ತಕರಾರು ಎದ್ದಾಗ ಸರ್ಕಾರ ಮಧ್ಯೆ ಬಂದು, 1885ರ ನವೆಂಬರಿನಲ್ಲಿ ಅದರ ಸುತ್ತಲಿನ 26 ಚದರ ಕಿಲೋಮೀಟರನ್ನು ಕಾದಿರಿಸಿತು. ಅದೇ ತಿಂಗಳು ರೈಲುದಾರಿಯ ಕೊನೆಯ ಮೊಳೆಯನ್ನೂ ಹೊಡೆಯಲಾಯಿತು. 1887ರಲ್ಲಿ ಶಾಸನವಾಗಿ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಗೊಂಡಿತು. 1888ರಲ್ಲಿ ರೈಲ್ವೆ ಕಂಪನಿಯ ದೊಡ್ಡ ಹೋಟೆಲು ಬಾಗಿಲು ತೆರೆಯಿತು. ಖರ್ಚು ಮಾಡಿ ಹಾಕಿದ ಹಳಿಯ ಮೇಲೆ ಜನ ಓಡಾಡಬೇಕಲ್ಲ!

ಬ್ಯಾಂಫ್‌ನಿಂದ ವಾಯವ್ಯಕ್ಕೆ ಹೊರಟರೆ ಕೋಟೆಯ ಗೋಡೆಯಂತೆ ನಿಂತ ಕ್ಯಾಸಲ್ ಪರ್ವತ ಕಾಣುತ್ತದೆ. ಪ್ರವಾಸಿಗಳು ಇಲ್ಲಿ ಛಾಯಾಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಿಂದ 1917ರವರೆಗೆ, ಈ ಬೆಟ್ಟದ ಬುಡದಲ್ಲಿ ಮುಳ್ಳುತಂತಿಯ ಬೇಲಿಯಿತ್ತು, ಗುಡಾರಗಳಿದ್ದವು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪ್ರಜೆಗಳೆಂಬ ಒಂದೇ ಕಾರಣಕ್ಕೆ ಶತ್ರುಗಳೆಂದು ಪರಿಗಣಿತರಾದ ವಲಸೆಗಾರರನ್ನು ಅಲ್ಲಿ ಕೂಡಿಹಾಕಲಾಗಿತ್ತು. ಅವರಲ್ಲಿ ಹೆಚ್ಚಿನವರು ಕೂಲಿಗಾಗಿ ಬಂದಿದ್ದ ಉಕ್ರೇನಿಯನ್ನರು. ಲೂಯೀಸ್ ಸರೋವರದ ಕಡೆಗೆ ಹೋಗುವ ರಸ್ತೆಯನ್ನು ಅವರ ಕೈಯಿಂದ ಕಡಿಸಲಾಯಿತು. ಚಳಿಗಾಲದಲ್ಲಿ ಅವರನ್ನು ಬ್ಯಾಂಫ್‌ನ ಬಿಸಿನೀರಿನ ಬುಗ್ಗೆಯ ಪಕ್ಕಕ್ಕೇ ಸಾಗಿಸುತ್ತಿದ್ದರು. ಉದ್ಯಾನ ಹುಟ್ಟಿದ ಜಾಗವೇ ಸೆರೆಮನೆಯೂ ಆಗಿತ್ತೆಂಬುದನ್ನು ಪ್ರವಾಸದ ಕೈಪಿಡಿಗಳು ಬಹಳ ಕಾಲ ಹೇಳಲಿಲ್ಲ. 1995ರಲ್ಲಿ ಕ್ಯಾಸಲ್ ಪರ್ವತದ ಬಳಿ ಸ್ಮಾರಕವೊಂದನ್ನು ನಿಲ್ಲಿಸಿದರು. ಅದರ ಹೆಸರು ‘ಏಕೆ?’

ಮುಂದಿನದು ಲೂಯೀಸ್ ಸರೋವರ. 1882ರಲ್ಲಿ ರೈಲು ಸಮೀಕ್ಷೆಯವರಿಗೆ ಸಾಮಾನು ಸಾಗಿಸುತ್ತಿದ್ದ ಟಾಮ್ ವಿಲ್ಸನ್ ಎಂಬಾತ ದೂರದಲ್ಲಿ ಗುಡುಗಿನಂಥ ಸದ್ದು ಕೇಳಿ, ಅದೇನೆಂದು ಸ್ಟೋನಿ ನಕೋಡ ಜನಾಂಗದವರನ್ನು ವಿಚಾರಿಸಿದ. ಮೇಲಿನ ಬೆಟ್ಟದಿಂದ ಹಿಮ ಕುಸಿಯುವ ಸದ್ದದು ಎಂದು ತಿಳಿಯಿತು. ಮರುದಿನ ಅವರಲ್ಲೊಬ್ಬ ಅವನನ್ನು ಸರೋವರಕ್ಕೆ ಕರೆದೊಯ್ದ. ಅವರ ಭಾಷೆಯಲ್ಲಿ ಅದಕ್ಕೆ ಚಿಕ್ಕ ಮೀನುಗಳ ಕೆರೆ ಎಂಬರ್ಥದ ಹೆಸರಿತ್ತು. ವಿಲ್ಸನ್ ಅದನ್ನು ಪಚ್ಚೆಯ ಸರೋವರ ಎಂದು ಕರೆದ. ಎರಡೇ ವರ್ಷದಲ್ಲಿ ಆ ಹೆಸರೂ ಹೋಗಿ, ವಿಕ್ಟೋರಿಯಾ ರಾಣಿಯ ಮಗಳು ಲೂಯೀಸಳ ಹೆಸರು ಬಂತು. ಆಕೆಯ ಪೂರ್ಣ ಹೆಸರು ಲೂಯೀಸ್ ಕ್ಯಾರೊಲೀನ್ ಆಲ್ಬರ್ಟಾ. ಸರೋವರಕ್ಕೆ ಮೊದಲ ಭಾಗವೂ ಪ್ರಾಂತ್ಯಕ್ಕೆ ಕೊನೆಯ ಭಾಗವೂ ಹಂಚಿಹೋದವು.

ಈ ಸರೋವರಗಳ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಸಿರೂ ಅಲ್ಲದ ನೀಲಿಯೂ ಅಲ್ಲದ ಹಾಲುಬೆರೆಸಿದಂಥ ಬಣ್ಣವದು. ಪರದೆಯ ಮೇಲೆ ತೋರಿಸಿದರೆ, ಇದನ್ನು ನೀವೇ ಹಚ್ಚಿದ್ದಲ್ಲವೇ ಎಂದು ನಮ್ಮಂಥವರನ್ನು ಕೇಳುವವರಿದ್ದಾರೆ. ಹಚ್ಚಿದ್ದು ಹಿಮನದಿ. ಹಿಮನದಿ ಎಂದರೆ ನಿಂತ ಮಂಜುಗಡ್ಡೆಯಲ್ಲ; ತನ್ನದೇ ಭಾರಕ್ಕೆ ಇಳಿಜಾರಿನಲ್ಲಿ ಅತಿ ನಿಧಾನವಾಗಿ ಜಾರುವ ರಾಶಿ. ಜಾರುವಾಗ ತಳದಲ್ಲಿ ಸಿಕ್ಕ ಕಲ್ಲುಗಳು ಬಂಡೆಯನ್ನು ಉಜ್ಜುತ್ತವೆ. ಬೀಸುವ ಕಲ್ಲಿನಿಂದ ಉದುರಿದ ಹಿಟ್ಟಿನಂತೆ ಕಲ್ಲಿನ ನುಣುಪಾದ ಪುಡಿ ಹೊರಬರುತ್ತದೆ. ಭೂವಿಜ್ಞಾನಿಗಳೂ ಅದನ್ನು ಕಲ್ಲುಹಿಟ್ಟು ಎಂದೇ ಕರೆಯುತ್ತಾರೆ. ಈ ಕಣಗಳು ತಳಕ್ಕಿಳಿಯದೆ ನೀರಿನಲ್ಲಿ ತೇಲುತ್ತವೆ. ಬೆಳಕಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುತ್ತದೆ, ಉಳಿದ ನೀಲಿ ಹಸಿರುಗಳನ್ನು ಕಣಗಳು ಚದುರಿಸಿ ನಮ್ಮ ಕಣ್ಣಿಗೆ ಕಳುಹಿಸುತ್ತವೆ. ವಸಂತದಲ್ಲಿ ಹಿಮ ಕರಗುವ ಮೊದಲು ನೋಡಿದರೆ ಬಣ್ಣ ಇಷ್ಟು ಗಾಢವಾಗಿರುವುದಿಲ್ಲ. ಬೇಸಿಗೆ ನಡುವಿಗೆ ಬಂದಾಗ ಏರುತ್ತದೆ. ಹಿಮನದಿ ಪೂರ್ತಿ ಕರಗಿಹೋದರೆ ಹಿಟ್ಟು ಬೀಸುವವರು ಇರುವುದಿಲ್ಲ. ಆಗ ಈ ಬಣ್ಣವೂ ಇರುವುದಿಲ್ಲ.

ಹೆದ್ದಾರಿಯಲ್ಲಿ ಮುಂದೆ ಪೇಟೋ ಸರೋವರವಿದೆ. ಕುದುರೆಗಳ ಮೇಲೆ ಸಾಮಾನು ಹೇರಿಕೊಂಡು ಯಾತ್ರಿಕರಿಗೆ ದಾರಿ ತೋರಿಸುತ್ತಿದ್ದ ಬಿಲ್ ಪೇಟೋನ ಹೆಸರದು. ಸರೋವರಕ್ಕೆ ನೀರುಣಿಸುವ ಪೇಟೋ ಹಿಮನದಿಯನ್ನು ವಿಜ್ಞಾನಿಗಳು 1960ರ ದಶಕದ ಮಧ್ಯಭಾಗದಿಂದ ಪ್ರತಿವರ್ಷ ಅಳೆಯುತ್ತ ಬಂದಿದ್ದಾರೆ. ಬಿದ್ದ ಹಿಮವೆಷ್ಟು, ಕರಗಿದ್ದೆಷ್ಟು ಎಂಬ ಜಮಾಖರ್ಚಿನಲ್ಲಿ ಖರ್ಚಿನ ಕಡೆಯೇ ಭಾರ.

ಈ ಪ್ರದೇಶದ ಚರಿತ್ರೆಯಲ್ಲಿ ಅತ್ಯಂತ ಕುತೂಹಲದ ಅಧ್ಯಾಯವೆಂದರೆ ಇಲ್ಲದ ಪರ್ವತಗಳ ಹುಡುಕಾಟ.

ರೈಲು ಬರುವುದಕ್ಕೆ ಬಹಳ ಮೊದಲೇ ತುಪ್ಪಳದ ವ್ಯಾಪಾರಿಗಳು ರಾಕಿ ಪರ್ವತಗಳನ್ನು ದಾಟುತ್ತಿದ್ದರು. 1811ರ ಜನವರಿಯಲ್ಲಿ ಡೇವಿಡ್ ಥಾಂಪ್ಸನ್, ಥಾಮಸ್ ಎಂಬ ಇರೊಕ್ವಾ ಮಾರ್ಗದರ್ಶಿಯ ನೆರವಿನಿಂದ ಅಥಬಾಸ್ಕಾ ಕಣಿವೆದಾರಿಯನ್ನು ದಾಟಿದ. ಆ ಕಂಡಿಯಲ್ಲಿ ಒಂದು ಪುಟ್ಟ ಕೊಳವಿದೆ. ಅದರ ನೀರು ಒಂದು ಕಡೆ ಆರ್ಕ್ಟಿಕ್ ಸಾಗರಕ್ಕೂ ಇನ್ನೊಂದು ಕಡೆ ಪೆಸಿಫಿಕ್ ಸಾಗರಕ್ಕೂ ಹರಿಯುತ್ತದೆ. 1827ರ ಮೇ 1ರಂದು ಇದೇ ದಾರಿಯಲ್ಲಿ ಬಂದವನು ಡೇವಿಡ್ ಡಗ್ಲಸ್, ಲಂಡನ್ನಿನ ತೋಟಗಾರಿಕೆ ಸಂಘಕ್ಕಾಗಿ ಗಿಡಬೀಜಗಳನ್ನು ಸಂಗ್ರಹಿಸುತ್ತಿದ್ದ ಸ್ಕಾಟ್ಲೆಂಡಿನ ತರುಣ. ಡಗ್ಲಸ್ ಫರ್ ಮರಕ್ಕೆ ಬಂದಿರುವುದು ಇವನ ಹೆಸರೇ. ಆ ಮಧ್ಯಾಹ್ನ ಅವನು ಪಕ್ಕದ ಬೆಟ್ಟವೊಂದನ್ನು ಹತ್ತಿದ. ಅದಕ್ಕೆ ಬ್ರೌನ್ ಎಂದೂ ಎದುರಿಗಿದ್ದದಕ್ಕೆ ಹೂಕರ್ ಎಂದೂ ಹೆಸರಿಟ್ಟ. ಇಬ್ಬರೂ ಸಸ್ಯವಿಜ್ಞಾನಿಗಳು. ರಾಬರ್ಟ್ ಬ್ರೌನನನ್ನು ಭೌತಶಾಸ್ತ್ರ ಓದುವವರು ಬಲ್ಲರು. ಬ್ರೌನಿಯನ್ ಚಲನೆಯನ್ನು ಆತ ಗಮನಿಸಿದ್ದು ಅದೇ 1827ರಲ್ಲಿ. ವಿಲಿಯಂ ಹೂಕರನ ಮಗ ಜೋಸೆಫ್ ಹೂಕರ್ ಮುಂದೆ ಭಾರತದ ಸಸ್ಯಸಂಪತ್ತಿನ ಮೇಲೆ ದೊಡ್ಡ ಗ್ರಂಥ ರಚಿಸಿದವನು.

ತೊಂದರೆ ಎತ್ತರದ್ದು. ಡಗ್ಲಸನ ಲೆಕ್ಕದಂತೆ ಈ ಶಿಖರಗಳು ಹದಿನಾರು ಸಾವಿರ ಅಡಿಯ ಆಸುಪಾಸಿನವು. ಹಾಗಿದ್ದರೆ ಅಂದಿನ ತಿಳಿವಳಿಕೆಯಂತೆ ಕೆನಡಾದ ರಾಕಿ ಪರ್ವತಗಳಲ್ಲಿ ಅವಕ್ಕೆ ಸಾಟಿಯೇ ಇಲ್ಲ. ಭೂಪಟ ತಯಾರಿಸುವವರು ಆ ಸಂಖ್ಯೆಗಳನ್ನು ಹಾಗೆಯೇ ಅಚ್ಚು ಹಾಕಿದರು. ಒಂದು ಭೂಪಟದಿಂದ ಇನ್ನೊಂದಕ್ಕೆ, ಅದರಿಂದ ಶಾಲೆಯ ಪಠ್ಯಕ್ಕೆ ಅವು ಸಾಗಿದವು. ಕಂಡಿಯ ಎತ್ತರವೇ ಹನ್ನೊಂದು ಸಾವಿರ ಅಡಿ ಎಂದು ಆ ಕಾಲದವರು ನಂಬಿದ್ದುದು ಈ ಲೆಕ್ಕದ ಹಿಂದಿರಬೇಕು. ವಾಸ್ತವದಲ್ಲಿ ಕಂಡಿ ಇರುವುದು ಸುಮಾರು 1,750 ಮೀಟರ್, ಅಂದರೆ ಆರು ಸಾವಿರ ಅಡಿಗಿಂತ ಕಡಿಮೆ. ತಳಪಾಯವೇ ತಪ್ಪಾದರೆ ಮೇಲಿನ ಅಂತಸ್ತುಗಳ ಗತಿಯೇನು?

ಅರವತ್ತು ವರ್ಷ ಕಳೆದ ಮೇಲೆ ಆರ್ಥರ್ ಕೋಲ್ಮನ್ ಎಂಬ ಟೊರಾಂಟೊ ನಗರದ ಭೂವಿಜ್ಞಾನದ ಪ್ರಾಧ್ಯಾಪಕರು ಈ ದೈತ್ಯರನ್ನು ನೋಡಲು ಹೊರಟರು. 1888ರಲ್ಲೂ 1892ರಲ್ಲೂ ದಾರಿ ಸಿಗಲಿಲ್ಲ. 1893ರಲ್ಲಿ ಕುದುರೆಗಳೊಂದಿಗೆ ಕಾಡು, ಹೊಳೆ, ಜೌಗುಗಳನ್ನು ದಾಟಿ ಅವರ ತಂಡ ಆ ಪುಟ್ಟ ಕೊಳದ ಬಳಿ ನಿಂತಿತು. ಸುತ್ತ ನೋಡಿದರೆ ಸಾಧಾರಣ ಬೆಟ್ಟಗಳು! ಬ್ರೌನ್ ಪರ್ವತದ ಎತ್ತರ ಒಂಬತ್ತು ಸಾವಿರ ಅಡಿ ಚಿಲ್ಲರೆ. ಇಂದಿನ ಅಳತೆ 2,799 ಮೀಟರ್.

ಒಬ್ಬರು ಹೋಗಿ ನೋಡಿಬಂದು ಇಲ್ಲವೆಂದರೆ ಎಲ್ಲರೂ ಒಪ್ಪುತ್ತಾರೆಯೇ? ಅಚ್ಚಾದ ಸಂಖ್ಯೆಗೆ ಬಹಳ ಆಯುಸ್ಸು. ಕೋಲ್ಮನ್ ಬೇರೆ ಯಾವುದೋ ಬೆಟ್ಟವನ್ನು ನೋಡಿಬಂದಿರಬಹುದೆಂದು ಶಂಕಿಸಿದವರಲ್ಲಿ ನಾರ್ಮನ್ ಕಾಲಿ ಒಬ್ಬರು. ಇವರು ರಸಾಯನಶಾಸ್ತ್ರಜ್ಞರು, ಜಡ ಅನಿಲಗಳ ಶೋಧಕ್ಕೆ ಹೆಸರಾದ ವಿಲಿಯಂ ರಾಮ್ಸೆಯವರ ಜೊತೆ ಕೆಲಸ ಮಾಡಿದವರು. ಭಾರತಕ್ಕೂ ಹೊಸಬರಲ್ಲ. 1895ರಲ್ಲಿ ಕಾಶ್ಮೀರದ ನಂಗಾ ಪರ್ಬತವನ್ನು ಏರುವ ಮೊದಲ ಯತ್ನದಲ್ಲಿ ಅವರಿದ್ದರು. ಅಲ್ಲಿ ಮಮ್ಮರಿ ಎಂಬ ಪ್ರಸಿದ್ಧ ಪರ್ವತಾರೋಹಿಯೂ ರಘೋಬೀರ್, ಗೋಮನ್ ಸಿಂಗ್ ಎಂಬ ಇಬ್ಬರು ಗೂರ್ಖಾ ಯೋಧರೂ ಹಿಮದಲ್ಲಿ ಕಾಣೆಯಾದದ್ದನ್ನು ಕಂಡು ಮರಳಿದವರು.

1898ರ ಆಗಸ್ಟಿನಲ್ಲಿ ಕಾಲಿ, ಹರ್ಮನ್ ವುಲ್ಲಿ, ಹ್ಯೂ ಸ್ಟಟ್‌ಫೀಲ್ಡ್ ಮೂವರೂ ಬಿಲ್ ಪೇಟೋನ ಕುದುರೆಗಳೊಂದಿಗೆ ಉತ್ತರಕ್ಕೆ ಬಂದರು. ಅಷ್ಟರಲ್ಲಿ ಆಹಾರ ಮುಗಿಯುತ್ತ ಬಂದಿತ್ತು. ಆಗಸ್ಟ್ 18ರಂದು ಸ್ಟಟ್‌ಫೀಲ್ಡ್ ಕಾಡುಕುರಿಗಳ ಬೇಟೆಗೆ ಹೋದರು, ಉಳಿದಿಬ್ಬರು ಅಥಬಾಸ್ಕಾ ಶಿಖರವನ್ನು ಏರಿದರು. ಸುಮಾರು 3,490 ಮೀಟರ್ ಎತ್ತರದ ಆ ತುದಿಯಲ್ಲಿ ನಿಂತಾಗ ಸಂಜೆಯಾಗುತ್ತಿತ್ತು. ಅವರು ಹುಡುಕುತ್ತಿದ್ದ ಬ್ರೌನ್, ಹೂಕರ್‌ಗಳು ಕಾಣಲಿಲ್ಲ. ಕಂಡದ್ದು, ಯಾವ ಭೂಪಟದಲ್ಲೂ ಇರದ ಬೆಳ್ಳನೆಯ ಬಯಲು. ಶಿಖರಗಳ ನಡುವೆ ಹರಡಿಕೊಂಡ ಹಿಮದ ವಿಸ್ತಾರ, ಅದರ ಅಂಚಿನಿಂದ ನಾಲ್ಕೂ ಕಡೆಗೆ ಇಳಿಯುವ ಹಿಮನದಿಗಳು. ಅದೇ ಕೊಲಂಬಿಯಾ ಹಿಮಕ್ಷೇತ್ರ. ಇಲ್ಲದ್ದನ್ನು ಹುಡುಕಲು ಹೋದವರಿಗೆ ಇದ್ದದ್ದು ಸಿಕ್ಕಿತು. ಡಗ್ಲಸನ ಕಥೆಯನ್ನು ಕಾಲಿ ಬಿಡಿಸಿದ್ದು ಆಮೇಲೆ, ಲಂಡನ್ನಿನಲ್ಲಿ ಹಳೆಯ ದಾಖಲೆಗಳನ್ನು ಹುಡುಕಿ ಓದಿ.

ಈ ಹಿಮಕ್ಷೇತ್ರದ ವಿಶೇಷ ಅದರ ನೀರಿನಲ್ಲಿದೆ. ಒಂದು ಕಡೆ ಕರಗಿದ್ದು ಅಥಬಾಸ್ಕಾ ನದಿಯಾಗಿ ಉತ್ತರಕ್ಕೆ ಹರಿದು ಕೊನೆಗೆ ಆರ್ಕ್ಟಿಕ್ ಸಾಗರ ಸೇರುತ್ತದೆ. ಇನ್ನೊಂದು ಕಡೆಯದು ಸಸ್ಕಾಚುವಾನ್ ನದಿಯಾಗಿ ಹಡ್ಸನ್ ಕೊಲ್ಲಿಗೆ, ಅಲ್ಲಿಂದ ಅಟ್ಲಾಂಟಿಕ್ ಕಡೆಗೆ. ಮೂರನೆಯದು ಕೊಲಂಬಿಯಾ ನದಿಗೆ ಸೇರಿ ಪೆಸಿಫಿಕ್ ಸಾಗರಕ್ಕೆ. ನಮ್ಮ ಪಶ್ಚಿಮಘಟ್ಟದಲ್ಲಿ ಒಂದೇ ಗುಡ್ಡದ ಮಳೆ ಅರಬ್ಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಹಂಚಿಹೋಗುವುದನ್ನು ನಾವು ಬಲ್ಲೆವು. ಸ್ನೋ ಡೋಮ್ ಎಂಬ ಇಲ್ಲಿನ ಶಿಖರದ ಮೇಲೆ ಬಿದ್ದ ಹಿಮಕ್ಕೆ ಮೂರು ದಾರಿ.

ಹೆದ್ದಾರಿಯನ್ನು ನಿರ್ಮಿಸಿದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಕೆಲಸವಿಲ್ಲದವರಿಗೆ ಕೆಲಸ ಕೊಡುವ ಯೋಜನೆಯಾಗಿ 1931ರಲ್ಲಿ ಎರಡೂ ತುದಿಗಳಿಂದ ಆರಂಭಿಸಿ, ಬಹುಪಾಲು ಸಲಿಕೆ, ಗುದ್ದಲಿ, ಕುದುರೆಗಳ ಬಲದಿಂದಲೇ ಕಡಿದು 1940ರಲ್ಲಿ ಸಂಚಾರಕ್ಕೆ ಬಿಟ್ಟರು. ಕಾಲಿಯವರ ತಂಡಕ್ಕೆ ವಾರಗಳೇ ಹಿಡಿದ ದೂರವನ್ನು ಬಸ್ಸು ಮೂರು ನಾಲ್ಕು ಗಂಟೆಗಳಲ್ಲಿ ಮುಗಿಸುತ್ತದೆ. ಹಿಮಕ್ಷೇತ್ರದಿಂದ ಇಳಿಯುವ ಅಥಬಾಸ್ಕಾ ಹಿಮನದಿಯ ಬಳಿ ಬಸ್ಸು ನಿಲ್ಲುತ್ತದೆ. 19ನೆಯ ಶತಮಾನದ ನಡುಗಾಲದಲ್ಲಿ ಈ ಹಿಮನದಿಯ ಮೂತಿ ಇಂದಿನ ಹೆದ್ದಾರಿಯ ಹತ್ತಿರದವರೆಗೂ ಚಾಚಿತ್ತು. ಈಗ ಅದನ್ನು ಮುಟ್ಟಲು ಬೋಳು ಕಲ್ಲುಹಾಸಿನ ಮೇಲೆ ನಡೆಯಬೇಕು. ದಾರಿಯಲ್ಲಿ ಅಲ್ಲಲ್ಲಿ ಇಸವಿ ಬರೆದ ಗುರುತುಫಲಕಗಳಿವೆ. ಆಯಾ ವರ್ಷ ಹಿಮದ ತುದಿ ಇದ್ದ ಜಾಗ. ಅಜ್ಜ ಹುಟ್ಟಿದ ವರ್ಷ, ಅಪ್ಪ ಹುಟ್ಟಿದ ವರ್ಷ ಎಂದು ಲೆಕ್ಕ ಹಾಕುತ್ತ ನಡೆಯಬಹುದು. ಒಟ್ಟು ಹಿಂಜರಿದದ್ದು ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಹಿಮದ ಗಾತ್ರದಲ್ಲಿ ಅರ್ಧಕ್ಕೂ ಹೆಚ್ಚು ಹೋಗಿದೆ.

ಜಾಸ್ಪರ್ ಉದ್ಯಾನವನ್ನು ಘೋಷಿಸಿದ್ದು 1907ರಲ್ಲಿ. ಆ ಕಣಿವೆಯಲ್ಲಿ ಆಗಲೇ ಮೇಟಿ ಜನರ ಕೆಲವು ಕುಟುಂಬಗಳು ಮನೆ ಕಟ್ಟಿ, ಕುದುರೆ ಸಾಕಿ, ಬೆಳೆ ತೆಗೆದು ಬದುಕುತ್ತಿದ್ದವು. ತುಪ್ಪಳ ವ್ಯಾಪಾರಿಗಳ ಮತ್ತು ಸ್ಥಳೀಯ ಬುಡಕಟ್ಟುಗಳ ಸಂತತಿ ಅವರದು. ಉದ್ಯಾನದೊಳಗೆ ಜನವಸತಿ ಕೂಡದೆಂದು 1910ರಲ್ಲಿ ಕಟ್ಟಡಗಳಿಗಷ್ಟೇ ಪರಿಹಾರ ಕೊಟ್ಟು ಅವರನ್ನು ಹೊರಗೆ ಕಳುಹಿಸಲಾಯಿತು. ದಕ್ಷಿಣದಲ್ಲಿ ಬ್ಯಾಂಫ್‌ನವರೂ ಸ್ಟೋನಿ ನಕೋಡ ಜನರನ್ನು ಅವರ ಹಳೆಯ ಬೇಟೆಯ ನೆಲಗಳಿಂದ ದೂರವಿಟ್ಟಿದ್ದರು. 1877ರಲ್ಲಿ ಅವರ ಮುಖಂಡರು ಸರ್ಕಾರದೊಡನೆ ಒಪ್ಪಂದಕ್ಕೆ ಗುರುತು ಹಾಕಿ ಆಗಿನ್ನೂ ಬಹಳ ವರ್ಷಗಳಾಗಿರಲಿಲ್ಲ. ಯಾರೂ ಕಾಲಿಡದ ಕಾಡು ಎಂಬ ಮಾತು ಚಿತ್ರಗಳ ಕೆಳಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಬರೆಯುವ ಮೊದಲು ಅಲ್ಲಿದ್ದವರನ್ನು ಕಳುಹಿಸಬೇಕಾಯಿತು.

ಅದೇ ವರ್ಷಗಳಲ್ಲಿ ಫಿಲಡೆಲ್ಫಿಯಾದ ಮೇರಿ ಶೇಫರ್ ಎಂಬಾಕೆ ಈ ಬೆಟ್ಟಗಳಲ್ಲಿ ತಿರುಗುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಆಸಕ್ತರಾಗಿದ್ದ ಗಂಡ 1903ರಲ್ಲಿ ತೀರಿಕೊಂಡ ಮೇಲೆ, ಅವರ ಕೆಲಸವನ್ನು ಮುಗಿಸಲು ಬಂದು ಬೆಟ್ಟಗಳಿಗೇ ಒಲಿದವರು. ಹೆಂಗಸರು ತಿಂಗಳುಗಟ್ಟಲೆ ಕುದುರೆಯ ಮೇಲೆ ಕಾಡಿನಲ್ಲಿ ಅಲೆಯುವುದನ್ನು ಸಮಾಜ ಮೆಚ್ಚದಿದ್ದ ಕಾಲವದು. 1907ರಲ್ಲಿ ಉತ್ತರದ ದೊಡ್ಡ ಸರೋವರವೊಂದರ ಸುದ್ದಿ ಕೇಳಿ ಹುಡುಕಿದಾಗ ಸಿಗಲಿಲ್ಲ. ಆಗ ಸ್ಯಾಮ್ಸನ್ ಬೀವರ್ ಎಂಬ ಸ್ಟೋನಿ ಬೇಟೆಗಾರ ಒಂದು ನಕ್ಷೆ ಬರೆದುಕೊಟ್ಟ. ಹದಿನಾಲ್ಕರ ಹುಡುಗನಾಗಿದ್ದಾಗ ಅಪ್ಪನ ಜೊತೆ ಒಮ್ಮೆ ಹೋಗಿದ್ದ ದಾರಿ. ಹದಿನಾರು ವರ್ಷಗಳ ಮೇಲೆ ನೆನಪಿನಿಂದಲೇ ಗೆರೆ ಎಳೆದಿದ್ದ. 1908ರ ಜುಲೈನಲ್ಲಿ ಆ ನಕ್ಷೆ ಹಿಡಿದು ಹೊರಟ ಮೇರಿಯವರ ತಂಡ, ನಡುನಡುವೆ ಅನುಮಾನಿಸುತ್ತಲೇ, ಸರೋವರವನ್ನು ತಲುಪಿತು. ಇಪ್ಪತ್ತೆರಡು ಕಿಲೋಮೀಟರ್ ಉದ್ದದ ನೀರು. ಮರದ ದಿಮ್ಮಿಗಳನ್ನು ಕಟ್ಟಿ ತೆಪ್ಪ ಮಾಡಿ ಅದರ ಮೇಲೆ ಸಾಗಿದರು. 1911ರಲ್ಲಿ ದೋಣಿಯೊಂದನ್ನು ಬಿಡಿಭಾಗಗಳಾಗಿ ಕುದುರೆಗಳ ಮೇಲೆ ಹೊರಿಸಿಕೊಂಡು ಮತ್ತೆ ಬಂದ ಮೇರಿ, ಸರೋವರದ ಅಳತೆ ಮಾಡಿ ಅಧಿಕೃತ ನಕ್ಷೆಗೆ ಒದಗಿಸಿದರು.

ಸ್ಟೋನಿ ಜನ ಅದನ್ನು ಬೀವರ್ ಪ್ರಾಣಿಯ ಸರೋವರ ಎಂಬರ್ಥದಲ್ಲಿ ಚಾಬಾ ಇಮ್ನೆ ಎನ್ನುತ್ತಿದ್ದರು. ನಕ್ಷೆಯಲ್ಲಿ ಉಳಿದದ್ದು ಫ್ರೆಂಚ್ ಮೂಲದ ಮಲೀನ್ ಎಂಬ ಹೆಸರು. ದುಷ್ಟ ಎಂದು ಅದರ ಅರ್ಥ, ಹೊಳೆ ದಾಟಲು ಹೆಣಗಿದವರು ಕೊಟ್ಟದ್ದು. ಸರೋವರದ ದಡದಿಂದ ಮೇಲೆ ನೋಡಿದರೆ ಕಾಣುವ ಒಂದು ಶಿಖರಕ್ಕೆ ಮೇರಿ ಶೇಫರ್ ಇಟ್ಟ ಹೆಸರು ಇಂದಿಗೂ ಇದೆ: ಸ್ಯಾಮ್ಸನ್.