ಮನೆಯ ಗೋಡೆಯೊಳಗಿನ ಪ್ರಸಾರ

ಕಂಪ್ಯೂಟರಿನ ಹಾಡನ್ನು ಅಡುಗೆಮನೆಯ ರೇಡಿಯೊದಲ್ಲಿ ಕೇಳಿಸುವ ಪುಟ್ಟ ಎಫ್‌ಎಂ ಪ್ರೇಷಕದ, ಅಂದರೆ ಧ್ವನಿಯನ್ನು ರೇಡಿಯೊ ಅಲೆಗೇರಿಸಿ ಅಲ್ಪ ದೂರಕ್ಕೆ ಕಳುಹಿಸುವ ಸಾಧನದ, ಪೂರ್ವರೂಪವನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿನ ಸಂಪರ್ಕ ಆಯೋಗವು 1938ರಲ್ಲಿ ಅತಿ ದುರ್ಬಲ ಸಾಧನಗಳಿಗೆ ಪರವಾನಗಿ ಬೇಡವೆಂದು ನಿಯಮಿಸಿದ ಮೇಲೆ, ಗ್ರಾಮಫೋನ್ ತಟ್ಟೆಯ ಸಂಗೀತವನ್ನು ತಂತಿಯಿಲ್ಲದೆ ಅದೇ ಮನೆಯ ರೇಡಿಯೊಗೆ ತಲುಪಿಸುವ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಯಾವ ನಿಲಯವೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳನ್ನು ತಿರುಗಿಸುವುದಷ್ಟೇ ಕೇಳುಗನ ಕೆಲಸವಾಗಿತ್ತು. ಬ್ರಿಟನ್ನಿನಲ್ಲಾದರೋ 1949ರ ನಿಸ್ತಂತು ಕಾಯ್ದೆಯಡಿ ಪರವಾನಗಿಯಿಲ್ಲದ ಇಂಥ ಬಳಕೆ ಅಪರಾಧವೆನಿಸಿ, ಐಪಾಡ್‌ಗೆ ಜೋಡಿಸುವ ಐಟ್ರಿಪ್ ಎಂಬ ಪ್ರೇಷಕ ಬಂದ ಬಳಿಕವೂ ನಿಷೇಧ ಮುಂದುವರಿದು, 2006ರ ಡಿಸೆಂಬರ್ 8ರಂದಷ್ಟೇ ಸಡಿಲವಾಯಿತು. ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಅನುಮತಿಸಿದ ಗರಿಷ್ಠ ಶಕ್ತಿ 50 ನ್ಯಾನೋವಾಟ್, ಎಂದರೆ ಒಂದು ವಾಟಿನ ಎರಡು ಕೋಟಿಯಲ್ಲೊಂದು ಪಾಲು. ಜಿಪುಣತನವೆನಿಸಿದರೂ ಈ ಮಿತಿ ಸಮರ್ಥನೀಯವೇ: ಪಕ್ಕದ ಮನೆಯವರು ಕೇಳುತ್ತಿರುವ ನಿಲಯಕ್ಕೆ ಇಷ್ಟು ದುರ್ಬಲ ಪ್ರೇಷಕ ಅಡ್ಡಬರುವ ಸಂಭವ ತೀರ ಕಡಿಮೆ.